ಕನ್ನಡ ಲಿಪಿ ಮತ್ತು ಓದಿನ ತೊಡಕು: ಕನ್ನಡ ಅಧ್ಯಾಪಕರ ದೃಷ್ಟಿಯಿಂದ ಒಂದು ವಿವೇಚನೆ

1

ಕನ್ನಡವು ನುಡಿದಂತೆ ಬರೆಯುವ, ಬರೆದಂತೆ ಓದುವ ಭಾಷೆ ಎಂಬ ಮಾತು ನಮ್ಮ ತರಗತಿಗಳಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಆಂಗ್ಲ ಕಾಗುಣಿತದ ಗೊಂದಲವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಇದರ ಬೆನ್ನಿಗೇ ನಾವು ಅರಿವಿಲ್ಲದೆ ಇನ್ನೊಂದು ತೀರ್ಮಾನಕ್ಕೂ ಬಂದುಬಿಟ್ಟಿದ್ದೇವೆ: ಇಷ್ಟು ಸುಲಭವಾದ ಲಿಪಿಯನ್ನೂ ಓದಲಾರದ ಮಗು ಒಂದೋ ದಡ್ಡ, ಇಲ್ಲವೇ ಸೋಮಾರಿ. ಪ್ರಸ್ತುತ ಲೇಖನವು ಈ ಎರಡನೆಯ ತೀರ್ಮಾನವನ್ನು ಪರಿಶೀಲಿಸಲು ಉದ್ದೇಶಿಸಿದೆ. ಡಿಸ್ಲೆಕ್ಸಿಯಾ ಎಂದು ಕರೆಯಲಾಗುವ ಓದಿನ ತೊಡಕು ಕನ್ನಡದಲ್ಲಿ ಯಾವ ರೂಪ ತಾಳುತ್ತದೆ, ಆ ರೂಪವನ್ನು ಗುರುತಿಸಲು ಕನ್ನಡ ವ್ಯಾಕರಣ, ಛಂದಸ್ಸು, ಭಾಷಾವಿಜ್ಞಾನಗಳ ತಿಳಿವಳಿಕೆ ಹೇಗೆ ನೆರವಾಗಬಲ್ಲದು ಎಂಬುದು ಇಲ್ಲಿಯ ಮುಖ್ಯ ವಿಷಯ. ಇದು ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಬಿಟ್ಟ ವಿಷಯವೆಂದು ಕನ್ನಡ ವಿಭಾಗಗಳು ದೂರ ನಿಂತಿರುವುದು ಸರಿಯಲ್ಲವೆಂದು ನನ್ನ ಭಾವನೆ.

ಕೆಲವು ವರ್ಷಗಳ ಹಿಂದೆ ಬಸವನಗುಡಿಯಲ್ಲಿ ಪ್ರೌಢಶಾಲೆಯ ಹುಡುಗನೊಬ್ಬನಿಗೆ ಮನೆಯಲ್ಲಿಯೇ ಕನ್ನಡ ಹೇಳಿಕೊಡುವ ಸಂದರ್ಭ ನನಗೆ ಒದಗಿತ್ತು. ಅಜ್ಜಿಯಿಂದ ಭಾರತದ ಕಥೆಗಳನ್ನು ಕೇಳಿ ಬೆಳೆದ ಹುಡುಗ. ಕರ್ಣನ ಕಥೆಯನ್ನು ಎಲ್ಲಿಂದ ಹೇಳು ಎಂದರೂ ಅಲ್ಲಿಂದ ಹಿಡಿದು ಹೇಳಬಲ್ಲವನಾಗಿದ್ದ. ಅದೇ ಕಥೆ ಪಠ್ಯಪುಸ್ತಕದಲ್ಲಿ ಬಂದಾಗ ಒಂದು ಪುಟಕ್ಕೆ ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದ. ‘ಭಕ್ತಿ’ಯನ್ನು ‘ಭಕಿತ’ ಎಂದೂ ‘ಸೂರ್ಯ’ನನ್ನು ‘ಸೂಯರ’ ಎಂದೂ ಓದುತ್ತಿದ್ದ. ಓದಿದ ಮೇಲೆ ತಪ್ಪೆಂದು ತಾನೇ ಅರಿತು ನಾಚುತ್ತಿದ್ದ. ಶಾಲೆಯಲ್ಲಿ ಅವನಿಗೆ ಸಿಕ್ಕಿದ್ದ ಹೆಸರು ಏನೆಂದು ಹೇಳಬೇಕಾಗಿಲ್ಲ. “ಇಷ್ಟೊಂದು ಕಥೆ ಹೇಳೋ ಹುಡುಗ ದಡ್ಡ ಹೇಗಾಗ್ತಾನೆ ಮೇಷ್ಟ್ರೇ?” ಎಂದು ಅವನ ಅಜ್ಜಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಬೋಧಿಸಿದವನಿಗೆ ಉತ್ತರವಿಲ್ಲದೆ ಹೋದುದೇ ಈ ಬರಹಕ್ಕೆ ಕಾರಣ.

2

ಬುದ್ಧಿಶಕ್ತಿಗೆ ಕೊರತೆಯಿಲ್ಲದ, ಕಣ್ಣು ಕಿವಿಗಳು ಸರಿಯಾಗಿರುವ, ಕಲಿಯಲು ಅವಕಾಶವೂ ಇದ್ದ ಮಗು ಓದಲು ಮಾತ್ರ ಎಡವುವ ಸ್ಥಿತಿಯನ್ನು ವೈದ್ಯಶಾಸ್ತ್ರ ಗುರುತಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಡಿಸ್ಲೆಕ್ಸಿಯಾ ಎಂಬ ಪದವನ್ನು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್ 1887ರಲ್ಲಿ ಬಳಸಿದನು. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಬುದ್ಧಿವಂತನಾದರೂ ಓದಲಾರದ ಬಾಲಕನೊಬ್ಬನ ವಿವರವನ್ನು 1896ರಲ್ಲಿ ಪ್ರಕಟಿಸಿದನು. ಅಂದಿನವರು ಇದನ್ನು ‘ಪದಾಂಧತೆ’ ಎಂಬ ಅರ್ಥದಲ್ಲಿ ಕರೆದರು. ತೊಡಕು ಪದಗಳ ದೃಶ್ಯಗ್ರಹಣದಲ್ಲಿದೆ ಎಂಬುದು ಅವರ ಊಹೆಯಾಗಿತ್ತು. ನಂತರದ ನೂರು ವರ್ಷಗಳ ಸಂಶೋಧನೆ ಈ ಊಹೆಯನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ತೊಡಕಿನ ಬೇರು ಹೆಚ್ಚಾಗಿ ಇರುವುದು ಮಾತನ್ನು ಧ್ವನಿಘಟಕಗಳಾಗಿ ಒಡೆದು ನೋಡುವಲ್ಲಿ, ಮತ್ತು ಆ ಘಟಕಗಳನ್ನು ಬರಹದ ಗುರುತುಗಳೊಡನೆ ತಡವಿಲ್ಲದೆ ಜೋಡಿಸುವಲ್ಲಿ. ಅಂದರೆ ಇದು ಮೂಲತಃ ಭಾಷೆಗೆ ಸಂಬಂಧಿಸಿದ ತೊಡಕು. ಕನ್ನಡದ ಅಧ್ಯಾಪಕನಿಗೆ ಇಲ್ಲಿ ಪ್ರವೇಶವಿರುವುದು ಈ ಕಾರಣದಿಂದಲೇ.

ಪದಗಳ ಬಗ್ಗೆ ಒಂದು ಮಾತು. ‘ಅಂಗವಿಕಲ’ ಎಂಬುದನ್ನು ಬಿಟ್ಟು ‘ವಿಕಲಚೇತನ’, ಅದನ್ನೂ ಬಿಟ್ಟು ‘ವಿಶೇಷಚೇತನ’ ಎಂದು ನಾವು ಪದ ಬದಲಿಸುತ್ತ ಬಂದಿದ್ದೇವೆ. ಚೇತನವೇ ವಿಕಲವಾಗಿದೆ ಎಂಬ ಅರ್ಥ ಕೊಡುವ ಪದವು ಅಂಗವಿಕಲಕ್ಕಿಂತ ಹೇಗೆ ಮೇಲು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಆಟಿಸಂಗೆ ‘ಸ್ವಲೀನತೆ’ ಎಂಬ ಪದ ಬಳಕೆಯಲ್ಲಿದೆ. ಮಗು ತನ್ನಲ್ಲೇ ಮುಳುಗಿದೆ ಎಂಬ ಹೊರಗಿನವರ ನೋಟವನ್ನಷ್ಟೇ ಅದು ಹೇಳುತ್ತದೆ. 1990ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಮೊದಲಾದವರಿಂದ ರೂಢಿಗೆ ಬಂದ ‘ನ್ಯೂರೋಡೈವರ್ಸಿಟಿ’ ಎಂಬ ಪರಿಕಲ್ಪನೆಯು ಜೀವವೈವಿಧ್ಯದಂತೆ ಮಿದುಳಿನ ವೈವಿಧ್ಯವೂ ಸಹಜವೆಂದು ಪ್ರತಿಪಾದಿಸುತ್ತದೆ. ಇದನ್ನು ಕನ್ನಡದಲ್ಲಿ ‘ನರವೈವಿಧ್ಯ’ ಎನ್ನಬಹುದು. ಈ ಲೇಖನದಲ್ಲಿ ನಾನು ‘ಓದಿನ ತೊಡಕು’ ಎಂಬ ಸಾದಾ ಪದವನ್ನೇ ಬಳಸಿದ್ದೇನೆ. ತೊಡಕನ್ನು ಬಿಡಿಸಬಹುದು ಎಂಬ ಸೂಚನೆ ಆ ಪದದಲ್ಲಿಯೇ ಇದೆ.

3

ಈಗ ಲಿಪಿಯ ಕಡೆಗೆ ಬರೋಣ. ಆಂಗ್ಲ ಓದುವ ಮಗು ಗುರುತಿಸಬೇಕಾದದ್ದು 26 ಅಕ್ಷರಗಳನ್ನು. ಕನ್ನಡ ಓದುವ ಮಗು 49 ವರ್ಣಗಳಿಗೆ ನಿಲ್ಲುವಂತಿಲ್ಲ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದಾಗ 442 ಗುಣಿತರೂಪಗಳಾಗುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು ಸೇರಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಗುಣಿತಚಿಹ್ನೆಗಳಲ್ಲಿ ಕ್ರಮವಿರುವುದರಿಂದ ಇವೆಲ್ಲವನ್ನೂ ಒಂದೊಂದಾಗಿ ಕಲಿಯಬೇಕಾಗಿಲ್ಲವೆಂಬುದು ನಿಜ. ಆದರೆ ಆ ಕ್ರಮವನ್ನು ಕಾಣಬೇಕಾದರೆ ‘ಕಿ’ ಎಂಬುದು ‘ಕ್’ ಮತ್ತು ‘ಇ’ಗಳ ಕೂಡಿಕೆ ಎಂಬ ಅರಿವು ಬೇಕು. ಕಿವಿಗೆ ‘ಕಿ’ ಒಂದೇ ಧ್ವನಿ. ಕಣ್ಣಿಗೂ ಅದು ಒಂದೇ ಅಕ್ಷರ. ಅದನ್ನು ಎರಡಾಗಿ ಕಾಣುವ ಶಕ್ತಿ ಮಕ್ಕಳಲ್ಲಿ ತಾನಾಗಿಯೇ ಬೇಗ ಮೂಡುವುದಿಲ್ಲ.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮುಖ್ಯವಾದುದು. ಕನ್ನಡ ಕಲಿಯುತ್ತಿರುವ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಅಕ್ಷರಜ್ಞಾನ ಬೆಳೆಯುವ ವೇಗವನ್ನು ಅವರು ಪರಿಶೀಲಿಸಿದರು. ಆಂಗ್ಲ ಅಕ್ಷರಮಾಲೆಯನ್ನು ಮಕ್ಕಳು ಒಂದೆರಡು ವರ್ಷಗಳಲ್ಲಿ ಮುಗಿಸಿದರೆ ಕನ್ನಡ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಅಕ್ಷರ ಅಥವಾ ಉಚ್ಚಾರಾಂಶದ ಮಟ್ಟದ ಅರಿವು ಮೊದಲು ಬರುತ್ತದೆ, ಬಿಡಿ ಧ್ವನಿಮಾದ ಅರಿವು ನಿಧಾನವಾಗಿ ಬರುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಮುಂದೆ ಮಾರ್ಗರೆಟ್ ಸ್ನೋಲಿಂಗ್ ಅವರೊಡನೆ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನವು ಕನ್ನಡದಲ್ಲಿ ಓದಲು ಹಿಂದುಳಿದ ಮಕ್ಕಳಿಗೆ ಧ್ವನಿಘಟಕಗಳ ಅರಿವು, ಕಂಡದ್ದನ್ನು ವೇಗವಾಗಿ ಹೆಸರಿಸುವ ಶಕ್ತಿ, ಇವೆರಡರಲ್ಲೂ ತೊಡಕಿರುವುದನ್ನು ತೋರಿಸಿತು. ಇದಕ್ಕೂ ಮುಂಚೆ, 1993ರಲ್ಲಿಯೇ, ಮೈಸೂರಿನ ಎಸ್. ರಮಾ ಮತ್ತು ಎಂ.ಎಸ್. ಲಲಿತಮ್ಮ ಅವರು ಬ್ರಿಟನ್ನಿನ ಟಿ.ಆರ್. ಮೈಲ್ಸ್ ಅವರೊಡನೆ ಸೇರಿ ಕನ್ನಡದ ಮಕ್ಕಳಲ್ಲಿ ಡಿಸ್ಲೆಕ್ಸಿಯಾ ಇರುವುದನ್ನು ವಿವರಿಸಿದ್ದರು. ಜಿ. ಪುರುಷೋತ್ತಮ, ಪಿ. ಪ್ರಕಾಶ್, ಪ್ರತಿಭಾ ಕಾರಂತ ಮೊದಲಾದವರ ಕೆಲಸವೂ ಇದೇ ಕಾಲಾವಧಿಯದು. ಇವೆಲ್ಲ ಆಂಗ್ಲ ಭಾಷೆಯಲ್ಲಿ, ಮನಶ್ಶಾಸ್ತ್ರದ ಮತ್ತು ವಾಕ್ ಶ್ರವಣ ವಿಜ್ಞಾನದ ಪತ್ರಿಕೆಗಳಲ್ಲಿ ಪ್ರಕಟವಾದವು. ಕನ್ನಡವನ್ನು ಕುರಿತ ಈ ಸಂಶೋಧನೆ ಕನ್ನಡ ವಿಭಾಗಗಳ ಗ್ರಂಥಾಲಯಗಳನ್ನು ತಲುಪಿದ್ದು ಅಪರೂಪ.

ಈ ಅಧ್ಯಯನಗಳ ಬೆಳಕಿನಲ್ಲಿ ನಮ್ಮ ಹುಡುಗನ ‘ಭಕಿತ’ವನ್ನು ಮತ್ತೊಮ್ಮೆ ನೋಡಬಹುದು. ‘ಭಕ್ತಿ’ ಎಂಬಲ್ಲಿ ಉಚ್ಚಾರಣೆಯ ಕ್ರಮ ಕ್, ತ್, ಇ. ಬರವಣಿಗೆಯಲ್ಲಿ ‘ಇ’ಕಾರದ ಚಿಹ್ನೆ ‘ತ’ದ ಮೇಲಿಲ್ಲ, ಅದು ‘ಕ’ದ ತಲೆಯ ಮೇಲೆ ಕುಳಿತಿದೆ. ‘ತ’ವಾದರೋ ಕೆಳಗೆ ಒತ್ತಾಗಿದೆ. ಕಣ್ಣು ಕಾಣುವುದು ಮೊದಲು ‘ಕಿ’ಯನ್ನು, ಆಮೇಲೆ ‘ತ’ವನ್ನು. ಆದುದರಿಂದ ‘ಭಕಿತ’ ಎಂಬುದು ಅಡ್ಡಾದಿಡ್ಡಿ ಊಹೆಯಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಪ್ರಾಮಾಣಿಕವಾಗಿ ಓದಿದ ಓದು ಅದು. ‘ಸೂರ್ಯ’ದ ಅರ್ಕಾವೊತ್ತಿನಲ್ಲಿ ಇದೇ ತೊಡಕು ತಿರುವುಮುರುವಾಗಿದೆ: ಒಂಬತ್ತರ ಅಂಕಿಯನ್ನು ಹೋಲುವ ಆ ಗುರುತನ್ನು ಬರೆಯುವುದು ಕೊನೆಗೆ, ಉಚ್ಚರಿಸುವುದು ಮೊದಲಿಗೆ. ‘ನುಡಿದಂತೆ ಬರೆಯುವ’ ಲಿಪಿಯಲ್ಲಿ ಈ ಎರಡು ಸ್ಥಳಗಳಲ್ಲಿ ನುಡಿಯ ಕ್ರಮ ಒಂದು, ಬರಹದ ಕ್ರಮ ಇನ್ನೊಂದು. ಬಹುಪಾಲು ಮಕ್ಕಳು ಇದನ್ನು ಕೆಲವು ತಿಂಗಳುಗಳಲ್ಲಿ ದಾಟುತ್ತಾರೆ. ಓದಿನ ತೊಡಕಿರುವ ಮಗು ಇಲ್ಲಿಯೇ ನಿಂತುಬಿಡುತ್ತದೆ.

ಸಜಾತೀಯ ಒತ್ತಕ್ಷರಗಳಾದ ‘ಅಕ್ಕಿ’, ‘ಹಗ್ಗ’ಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಮೇಲಿನದೂ ಕೆಳಗಿನದೂ ಒಂದೇ ವ್ಯಂಜನವಾದ್ದರಿಂದ ಕ್ರಮ ತಪ್ಪಿದರೂ ಓದು ಕೆಡುವುದಿಲ್ಲ. ವಿಜಾತೀಯ ಒತ್ತುಗಳಲ್ಲಿಯೇ ಪರೀಕ್ಷೆ. ಅದರಲ್ಲಿಯೂ ಇನ್ನೊಂದು ಸೂಕ್ಷ್ಮವಿದೆ. ಹೆಚ್ಚಿನ ಒತ್ತುಗಳು ತಮ್ಮ ಮೂಲಾಕ್ಷರದ ಚಿಕ್ಕ ರೂಪಗಳೇ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲಾಕ್ಷರವನ್ನು ಹೋಲುವುದಿಲ್ಲ. ಕನ್ನಡದಲ್ಲಿ ಅತಿ ಹೆಚ್ಚಾಗಿ ಬಳಕೆಯಾಗುವ ಒತ್ತುಗಳೂ ಇವೇ ಎಂಬುದನ್ನು ಯಾವುದೇ ಪುಟ ತೆರೆದು ನೋಡಿದರೆ ತಿಳಿಯುತ್ತದೆ. ಇದಲ್ಲದೆ ಪ ಮತ್ತು ಷ, ವ ಮತ್ತು ಮ, ದ ಮತ್ತು ಧ, ನ ಮತ್ತು ಸ, ರ ಮತ್ತು ಠ ಇವು ಒಂದು ಗೆರೆ ಅಥವಾ ಸುರುಳಿಯ ವ್ಯತ್ಯಾಸದಿಂದ ಬೇರೆಯಾಗುವ ಜೋಡಿಗಳು. ‘ವ’ಕ್ಕೆ ಉಕಾರವನ್ನು ಎಂದಿನಂತೆ ಬಲಕ್ಕೆ ಹಚ್ಚಿದರೆ ಅದು ‘ಮ’ ಆಗಿಬಿಡುತ್ತದೆಂದೇ ‘ವು’ವಿನಲ್ಲಿ ಚಿಹ್ನೆಯನ್ನು ಕೆಳಗೆ ಎಳೆಯುತ್ತೇವೆ. ಅನುಸ್ವಾರವಂತೂ ಅಂಗ, ಅಂಚೆ, ಅಂಟು, ಅಂದ, ಅಂಬು ಈ ಐದು ಕಡೆ ಐದು ಧ್ವನಿಗಳಿಗೆ ನಿಲ್ಲುತ್ತದೆ. ವ್ಯಾಕರಣದಲ್ಲಿ ನಾವು ಇವನ್ನೆಲ್ಲ ಪಾಠ ಮಾಡುತ್ತೇವೆ. ಮಗುವಿನ ತಪ್ಪಿನ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಮಾತ್ರ ನಮಗಿಲ್ಲ.

ಮಹಾಪ್ರಾಣಗಳ ಪ್ರಶ್ನೆ ಬೇರೆ ಬಗೆಯದು. ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿಯೂ ಆಡುಮಾತಿನಲ್ಲಿ ಮಹಾಪ್ರಾಣ ಅಲ್ಪಪ್ರಾಣಗಳ ಭೇದ ಎಲ್ಲ ಮನೆಗಳಲ್ಲಿ ಉಳಿದಿಲ್ಲ. ಶ, ಷ, ಸಗಳ ಭೇದವೂ ಹಾಗೆಯೇ. ಕಿವಿಗೆ ಬೀಳದ ಭೇದವನ್ನು ಮಗು ಕಣ್ಣಿನಿಂದ ನೆನಪಿಡಬೇಕಾಗುತ್ತದೆ. ಡಿ.ಎನ್. ಶಂಕರ ಭಟ್ಟರು ಬರಹದಿಂದ ಮಹಾಪ್ರಾಣಗಳನ್ನು ಬಿಡಬೇಕೆಂದು ವಾದಿಸಿದಾಗ ಎದ್ದ ವಾಗ್ವಾದದಲ್ಲಿ ಪರಂಪರೆ, ಸಂಸ್ಕೃತ, ಅಸ್ಮಿತೆಗಳ ಮಾತು ಬಹಳವಾಗಿ ಬಂದಿತು. ಓದಲು ಕಷ್ಟಪಡುವ ಮಗುವಿನ ಮಾತು ಕಡಿಮೆಯೇ ಬಂದಿತು. ಭಟ್ಟರ ಪರಿಹಾರವನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ‘ಧನ’ವನ್ನು ‘ದನ’ ಎಂದು ಬರೆದ ಮಗುವನ್ನು ‘ಮರ’ವನ್ನು ‘ವರ’ ಎಂದು ಬರೆದ ಮಗುವಿನಿಂದ ಬೇರೆಯಾಗಿ ನೋಡಬೇಕೆಂಬುದಂತೂ ಸ್ಪಷ್ಟ. ಮೊದಲನೆಯದು ಆಡುಮಾತಿನ ಪ್ರಭಾವವಾಗಿರಬಹುದು; ಎರಡನೆಯದು ಹತ್ತನೆಯ ವಯಸ್ಸಿನಲ್ಲಿಯೂ ಮುಂದುವರಿದರೆ ಯೋಚಿಸಬೇಕಾದದ್ದು. ಕೆಂಪು ಶಾಯಿಗೆ ಎರಡೂ ಒಂದೇ ತಪ್ಪು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇಟಲಿ, ಜರ್ಮನ್ ಮುಂತಾದ ಕ್ರಮಬದ್ಧ ಬರಹವುಳ್ಳ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳು ಹೆಚ್ಚು ತಪ್ಪು ಮಾಡುವುದಿಲ್ಲ. ಅವರು ನಿಧಾನವಾಗಿ ಓದುತ್ತಾರೆ. ಪಾಲೆಸು ಮತ್ತು ಸಂಗಡಿಗರು 2001ರಲ್ಲಿ ಇಟಾಲಿಯನ್, ಫ್ರೆಂಚ್, ಆಂಗ್ಲ ಓದುಗರನ್ನು ಹೋಲಿಸಿ, ಬರಹದ ಸ್ವರೂಪಕ್ಕೆ ತಕ್ಕಂತೆ ತೊಡಕಿನ ಹೊರನೋಟ ಬದಲಾದರೂ ಮಿದುಳಿನ ಮಟ್ಟದಲ್ಲಿ ಅದು ಒಂದೇ ಎಂದು ತೋರಿಸಿದರು. ಕನ್ನಡದಲ್ಲಿಯೂ ತಪ್ಪಿನ ಸಂಖ್ಯೆಯೊಂದನ್ನೇ ಎಣಿಸಿದರೆ ಮಗು ಕೈತಪ್ಪಿ ಹೋಗಬಹುದು. ಎಲ್ಲವನ್ನೂ ಸರಿಯಾಗಿ, ಆದರೆ ಅಕ್ಷರ ಅಕ್ಷರವಾಗಿ ಕೂಡಿಸುತ್ತ, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆಯುವ ಮಗು ತರಗತಿಯಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ.

4

ಕಾನೂನು ಈ ಮಕ್ಕಳನ್ನು ಗುರುತಿಸಿದ್ದು ತಡವಾಗಿ. 1995ರ ಅಧಿನಿಯಮ ಪಟ್ಟಿ ಮಾಡಿದ ಏಳು ನ್ಯೂನತೆಗಳಲ್ಲಿ ಓದಿನ ತೊಡಕಿಗಾಗಲಿ ಆಟಿಸಂಗಾಗಲಿ ಸ್ಥಾನವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ ಎರಡನ್ನೂ ಸೇರಿಸಿತು. ಅದು 2017ರ ಏಪ್ರಿಲ್‌ನಿಂದ ಜಾರಿಗೆ ಬಂದಿತು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಭಾಷಾ ವಿನಾಯಿತಿ ಮೊದಲಾದ ಸೌಲಭ್ಯಗಳು ಇಂದು ಪ್ರಮಾಣಪತ್ರವಿರುವ ವಿದ್ಯಾರ್ಥಿಗಳಿಗೆ ದೊರೆಯುತ್ತವೆ.

ಪ್ರಮಾಣಪತ್ರ ದೊರೆಯಬೇಕಾದರೆ ಪರೀಕ್ಷೆ ನಡೆಯಬೇಕು. ಬಸವನಗುಡಿ, ಚಾಮರಾಜಪೇಟೆಗಳವರಿಗೆ ಲಾಲ್‌ಬಾಗಿನಾಚೆಯ ನಿಮ್ಹಾನ್ಸ್ ಸಮೀಪದ ಸಂಸ್ಥೆ. ಕಲಿಕಾ ನ್ಯೂನತೆಯನ್ನು ಅಳೆಯಲು ಮಾಲವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು ಅಲ್ಲಿ ರೂಪಿಸಿದ ಪರೀಕ್ಷಾಸರಣಿ ದೇಶದಾದ್ಯಂತ ಬಳಕೆಯಲ್ಲಿದೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷಾಸರಣಿ ಹಿಂದಿ, ಮರಾಠಿ, ಆಂಗ್ಲಗಳ ಜೊತೆಗೆ ಕನ್ನಡದಲ್ಲಿಯೂ ಸಿದ್ಧವಾಯಿತು. ಮಗುವಿನ ಓದನ್ನು ಅದು ಕಲಿಯುತ್ತಿರುವ ಎಲ್ಲ ಭಾಷೆಗಳಲ್ಲಿಯೂ ನೋಡಬೇಕೆಂಬ ತತ್ತ್ವ ಇದರ ಹಿಂದಿದೆ. ಮಗು ಆಂಗ್ಲ ಮಾಧ್ಯಮದಲ್ಲಿದೆ ಎಂಬ ಕಾರಣದಿಂದ ಆಂಗ್ಲದಲ್ಲಿ ಮಾತ್ರ ಪರೀಕ್ಷಿಸಿ, ಕನ್ನಡದ ಓದನ್ನು ನೋಡದೆಯೇ ಕನ್ನಡದ ಬಗ್ಗೆ ತೀರ್ಮಾನ ಕೊಡುವುದು ಇಂದಿಗೂ ನಡೆಯುತ್ತಿದೆ. ನಮ್ಮ ಹುಡುಗನಿಗೆ ಆದದ್ದೂ ಅದೇ.

ಇಲ್ಲಿ ಭಾಷಾ ವಿನಾಯಿತಿಯ ವಿಷಯವನ್ನು ನೇರವಾಗಿ ಹೇಳಬೇಕು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯ. ಇನ್ನೊಂದೆಡೆ, ಓದಿನ ತೊಡಕಿರುವ ಮಗುವಿನ ಹೊರೆ ಇಳಿಸಬೇಕಾದಾಗ ಮೊದಲು ಇಳಿಯುವುದು ಕನ್ನಡ. ಆಂಗ್ಲವನ್ನು ಬಿಡುವಂತಿಲ್ಲ, ಗಣಿತ ವಿಜ್ಞಾನಗಳನ್ನು ಬಿಡಲು ಮನೆಯವರು ಒಪ್ಪುವುದಿಲ್ಲ. ಮಲ್ಲೇಶ್ವರದ, ಬಸವನಗುಡಿಯ ಕನ್ನಡದ ಮನೆಗಳಲ್ಲಿಯೇ ಇದು ನಡೆಯುತ್ತಿರುವುದನ್ನು ಕಂಡಿದ್ದೇನೆ. ವಿನಾಯಿತಿ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರತಿದಿನ ಅವಮಾನವನ್ನು ಉಂಡು ಮಲಗುವ ಮಗುವಿಗೆ ಅದು ಉಸಿರಾಡುವ ಜಾಗ; ಭಾಷಾಭಿಮಾನದ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳುವುದು ಕ್ರೌರ್ಯ. ನನ್ನ ಆಕ್ಷೇಪ ಬೇರೆ. ಪರೀಕ್ಷೆಯಿಂದ ವಿನಾಯಿತಿ ಎಂಬುದು ಭಾಷೆಯಿಂದಲೇ ವಿನಾಯಿತಿ ಎಂದಾಗಿಬಿಟ್ಟಿದೆ. ಕನ್ನಡದ ಅವಧಿಯಲ್ಲಿ ಆ ಮಗುವನ್ನು ತರಗತಿಯಿಂದ ಹೊರಗೆ, ಗ್ರಂಥಾಲಯದಲ್ಲಿ ಕೂರಿಸುತ್ತಾರೆ. ಕೇಳಿ ಕಲಿಯಬಲ್ಲ, ಹೇಳಿ ತೋರಿಸಬಲ್ಲ ಮಗು ಕಥೆಯನ್ನು ಕೇಳುವ ಅವಕಾಶವನ್ನೂ ಕಳೆದುಕೊಳ್ಳುತ್ತದೆ.

ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಈ ನಷ್ಟ ಇನ್ನೂ ಮುಂಚೆಯೇ, ಮಾತು ಬರುವ ವಯಸ್ಸಿನಲ್ಲಿಯೇ ಆರಂಭವಾಗುತ್ತದೆ. ಮಾತು ತಡವಾದ ಮಗುವಿನೊಡನೆ ಒಂದೇ ಭಾಷೆಯಲ್ಲಿ ಮಾತನಾಡಿ ಎಂಬ ಸಲಹೆ ಬಹುಕಾಲ ಪ್ರಚಲಿತವಾಗಿತ್ತು. ಆ ಒಂದು ಭಾಷೆ ನಗರದಲ್ಲಿ ಸಾಮಾನ್ಯವಾಗಿ ಆಂಗ್ಲವಾಗುತ್ತಿತ್ತು. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಭಾಷಾಬೆಳವಣಿಗೆಗೆ ಹಾನಿಯಿಲ್ಲವೆಂದು ಹಲವು ದೇಶಗಳ ಅಧ್ಯಯನಗಳು ಈಚೆಗೆ ತೋರಿಸಿವೆ. ಆದರೆ ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ಮೊಮ್ಮಗುವಿನೊಡನೆ ತಮಗೆ ಬಾರದ ಭಾಷೆಯಲ್ಲಿ ನಾಲ್ಕು ಪದ ಆಡಿ ಸುಮ್ಮನಾಗಿದ್ದರು. ಬೆಂಗಳೂರಿನಲ್ಲಿ ಪ್ರತಿಭಾ ಕಾರಂತ ಅವರು 2000ದಲ್ಲಿ ಆರಂಭಿಸಿದ ಕಾಮ್ ಡೀಲ್ ಕಾರ್ಯಕ್ರಮ ಇಂಥ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲಿಯೇ, ತಾಯಂದಿರನ್ನೂ ಸೇರಿಸಿಕೊಂಡು ತರಬೇತಿ ನೀಡುತ್ತ ಬಂದಿದೆ. ಕನ್ನಡದ ಭಾಷಾವಿಜ್ಞಾನಿಗೆ ಇಲ್ಲಿ ಕೆಲಸವಿದೆ. ಕೇಳಿದ್ದನ್ನು ಹಾಗೆಯೇ ಮರುನುಡಿಯುವುದು, ‘ನಾನು’ ‘ನೀನು’ಗಳು ಅದಲುಬದಲಾಗುವುದು ಆಟಿಸಂನ ಪರಿಚಿತ ಲಕ್ಷಣಗಳು. ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟು ಮಾತನಾಡುವುದು ಸಹಜವಾದ್ದರಿಂದ ಈ ಅದಲುಬದಲು ಕ್ರಿಯಾಪದದ ಪ್ರತ್ಯಯದಲ್ಲಿ ಅಡಗಿರುತ್ತದೆ: ನೀರು ಬೇಕಾದ ಮಗು ‘ನೀರು ಕುಡೀತೀಯಾ’ ಎನ್ನುತ್ತದೆ. ಅದು ಪ್ರಶ್ನೆಯಲ್ಲ, ಬೇಡಿಕೆ. ಮೇಷ್ಟ್ರಿಗೆ ‘ಬಾ, ಕೂತ್ಕೋ’ ಎಂದ ಮಗುವಿನದು ಉದ್ಧಟತನವೂ ಅಲ್ಲ; ಬಹುವಚನದ ಗೌರವಾರ್ಥ ನಿಂತಿರುವುದು ಸಾಮಾಜಿಕ ಸೂಕ್ಷ್ಮದ ಮೇಲೆ, ಅದೇ ಆ ಮಗುವಿಗೆ ಕಷ್ಟ. ಪುರುಷವಾಚಕ ಪ್ರತ್ಯಯಗಳ ಪಾಠ ಮಾಡುವವರಿಗೆ ಇದು ಕೂಡಲೇ ಹೊಳೆಯಬೇಕಾದ ಸಂಗತಿ.

5

ತರಗತಿಯಲ್ಲಿ ಮಾಡಬಹುದಾದ ಕೆಲಸದ ಕಡೆಗೆ ಬಂದರೆ, ಹೊಸದೆಂದು ಹೇಳಲಾಗುವ ಹಲವು ವಿಧಾನಗಳು ನಮ್ಮಲ್ಲಿ ಹಳೆಯವೇ. ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆನಾ ಗಿಲಿಂಗ್‌ಹ್ಯಾಂ 1930ರ ದಶಕದಲ್ಲಿ ರೂಪಿಸಿದ ವಿಧಾನದ ತಿರುಳು ಇಷ್ಟೇ: ಮಗು ಅಕ್ಷರವನ್ನು ಏಕಕಾಲದಲ್ಲಿ ನೋಡಬೇಕು, ಉಚ್ಚರಿಸಬೇಕು, ಬೆರಳಿನಿಂದ ತಿದ್ದಬೇಕು. ಕೂಲಿಮಠದ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ, ಗಟ್ಟಿಯಾಗಿ ಹೇಳುತ್ತ ಮಾಡುತ್ತಿದ್ದುದು ಇದನ್ನೇ. ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಬರೆಸುವುದು ಇಂದು ಒಂದು ದಿನದ ಶಾಸ್ತ್ರವಾಗಿ ಉಳಿದಿದೆ. ಆದರೆ ಕೂಲಿಮಠವನ್ನು ಹೊಗಳುತ್ತ ಕೂರುವಂತಿಲ್ಲ; ಅಲ್ಲಿ ಬೆತ್ತವೂ ಇತ್ತು, ಕಲಿಯಲಾರದವನು ಬಿಟ್ಟು ಹೋಗುವುದು ಸಹಜವೆಂಬ ಭಾವನೆಯೂ ಇತ್ತು. ಕಾಗುಣಿತವನ್ನು ರಾಗವಾಗಿ ಬಾಯಿಪಾಠ ಮಾಡಿಸಿದರೆ ಕ್ರಮ ನೆನಪಿನಲ್ಲಿ ನಿಲ್ಲುತ್ತದೆ, ಆದರೆ ನಡುವಿನಿಂದ ‘ಗೆ’ ಯಾವುದು ತೋರಿಸು ಎಂದರೆ ಮಗು ಮತ್ತೆ ‘ಗ’ದಿಂದಲೇ ಆರಂಭಿಸುತ್ತದೆ.

ರಾಜ್ಯದ ಮೊದಲ ತರಗತಿಯ ಪುಸ್ತಕ ಮತ್ತು ನಲಿಕಲಿ ಪದ್ಧತಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸಿದ್ದು ವಿವೇಕದ ಕೆಲಸ. ಐದೇ ಅಕ್ಷರಗಳಿಂದ ಸರ, ಅರಸ, ಅಗಸ ಎಂದು ಓದುವ ಸಂತೋಷ ಮಗುವಿಗೆ ಮೊದಲ ವಾರವೇ ದೊರೆಯುತ್ತದೆ. ಆದರೆ ಅದರ ಮುಂದಿನ ಗುಂಪಾದ ‘ಜ ವ ಮ ಬ ನ’ದಲ್ಲಿ ‘ವ’ವೂ ‘ಮ’ವೂ ಒಟ್ಟಿಗೆ ಬರುತ್ತವೆ. ಆಕಾರದ ಹೋಲಿಕೆಯಿಂದ ಒಟ್ಟಿಗೆ ಕಲಿಸುವುದು ಹೆಚ್ಚಿನ ಮಕ್ಕಳಿಗೆ ಅನುಕೂಲವಾಗಬಹುದು. ಓದಿನ ತೊಡಕಿರುವ ಮಗುವಿಗೆ ಒಂದು ಗಟ್ಟಿಯಾದ ಮೇಲೆ ಮಾತ್ರ ಇನ್ನೊಂದನ್ನು ತೋರಿಸುವುದು ಒಳ್ಳೆಯದೆಂಬುದು ನನ್ನ ಅನುಭವ.

ಧ್ವನಿಘಟಕಗಳ ಅರಿವನ್ನು ಬೆಳೆಸುವ ವಿಷಯದಲ್ಲಿ ಕನ್ನಡ ಛಂದಸ್ಸಿನಷ್ಟು ಸಿದ್ಧವಾದ ಸಾಮಗ್ರಿ ಬೇರೊಂದಿಲ್ಲ. ಕನ್ನಡ ಕಾವ್ಯದ ಪ್ರಾಸ ಆದಿಪ್ರಾಸ. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಬೇರೆಯಾಗಬಹುದು. ಕಡಲು, ನುಡಿ, ಒಡೆಯ, ಗುಡುಗು ಇವುಗಳಲ್ಲಿ ಪ್ರಾಸವಿದೆ ಎಂದು ಕಿವಿಗೆ ತಿಳಿಯಬೇಕಾದರೆ ಡ, ಡಿ, ಡೆ, ಡುಗಳಿಂದ ‘ಡ್’ ಎಂಬುದನ್ನು ಬೇರ್ಪಡಿಸಿ ಕೇಳಬೇಕು. ಕನ್ನಡದ ಮಕ್ಕಳಲ್ಲಿ ತಡವಾಗಿ ಬರುತ್ತದೆಂದು ಸಂಶೋಧಕರು ಹೇಳುವ ಶಕ್ತಿ ಇದೇ. ಪ್ರಾಸಪದ ಹುಡುಕುವ ಆಟವನ್ನು ಬಾಯಿಮಾತಿನಲ್ಲಿಯೇ, ಪುಸ್ತಕವಿಲ್ಲದೆ ಆಡಬಹುದು. ಲಘು ಗುರುಗಳನ್ನು ಚಪ್ಪಾಳೆಯಿಂದ ಎಣಿಸಿದರೆ ಹ್ರಸ್ವ ದೀರ್ಘಗಳ ಭೇದ ಕಿವಿಗೆ ಹತ್ತುತ್ತದೆ. ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳನ್ನು ಭಾವಕ್ಕಾಗಿ ಓದಿಸುವ ನಾವು ಅವುಗಳಲ್ಲಿರುವ ಈ ಉಪಯೋಗವನ್ನು ಗಮನಿಸಿಲ್ಲ. ಸ್ನಾತಕೋತ್ತರ ತರಗತಿಯಲ್ಲಿ ಅಂಕಕ್ಕಾಗಿ ಕಲಿತು ಮರೆಯುವ ಪ್ರಸ್ತಾರ ಎಂಟು ವರ್ಷದ ಮಗುವಿಗೆ ಓದು ಕಲಿಸಲು ಬಳಕೆಯಾದರೆ ಕೇಶಿರಾಜನಾಗಲಿ ನಾಗವರ್ಮನಾಗಲಿ ಬೇಸರಪಡಲಾರರು.

ಮುದ್ರಣದ ವಿಷಯ ಸಣ್ಣದೆಂದು ಕಾಣಬಹುದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡಕ್ಕೆ ಸಾಲುಗಳ ನಡುವೆ ಆಂಗ್ಲಕ್ಕಿಂತ ಹೆಚ್ಚು ಅಂತರ ಬೇಕು. ಕಾಗದ ಉಳಿಸಲು ಒತ್ತಾಗಿ ಅಚ್ಚು ಮಾಡಿದ ಪುಸ್ತಕದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ‘ಇ’ಕಾರಕ್ಕೆ ತಗುಲುತ್ತದೆ. ಅದನ್ನೇ ಹಿಗ್ಗಿಸಿ ಅಚ್ಚು ತೆಗೆದು ಕೊಟ್ಟರೆ ಕೆಲವು ಮಕ್ಕಳ ಓದು ಅಷ್ಟರಿಂದಲೇ ಸುಧಾರಿಸುತ್ತದೆ. ಗಣಕದ ನೆರವೂ ಇಂದು ಕೈಗೆಟುಕುವಂತಿದೆ. ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಮುದ್ರಿತ ಕನ್ನಡವನ್ನು ಗುರುತಿಸುವ ‘ಲಿಪಿಜ್ಞಾನಿ’ ತಂತ್ರಾಂಶವನ್ನೂ ಕನ್ನಡ ಪಠ್ಯವನ್ನು ಓದಿ ಹೇಳುವ ತಂತ್ರಾಂಶವನ್ನೂ ರೂಪಿಸಿದೆ. ಇವು ಬಹುಮಟ್ಟಿಗೆ ದೃಷ್ಟಿಹೀನರನ್ನು ಲಕ್ಷ್ಯದಲ್ಲಿಟ್ಟುಕೊಂಡು ಆದ ಕೆಲಸಗಳಾದರೂ ಕಣ್ಣಿದ್ದೂ ಓದಲಾರದವರಿಗೆ ಅಷ್ಟೇ ಉಪಯುಕ್ತ.

ಮೌಲ್ಯಮಾಪನದಲ್ಲಿ ಅಧ್ಯಾಪಕನ ಕೈಯಲ್ಲಿಯೇ ಇರುವ ಸ್ವಾತಂತ್ರ್ಯ ಸಾಕಷ್ಟಿದೆ. ಪದವಿ ತರಗತಿಯ ಆಂತರಿಕ ಪರೀಕ್ಷೆಯಲ್ಲಿ ಉತ್ತರವನ್ನು ಬಾಯಿಯಿಂದ ಹೇಳಿಸಿ ಅಂಕ ಕೊಡಲು ಅಡ್ಡಿಯಿಲ್ಲ. ಕಾಗುಣಿತಕ್ಕೂ ಕಾವ್ಯದ ಗ್ರಹಿಕೆಗೂ ಬೇರೆಬೇರೆಯಾಗಿ ಅಂಕವಿಡಬಹುದು. ತರಗತಿಯ ಮುಂದೆ ಎದ್ದು ನಿಂತು ಓದು ಎನ್ನುವುದನ್ನು ನಿಲ್ಲಿಸಬಹುದು. ನಾನು ಇದನ್ನು ನಿಲ್ಲಿಸಿದ ವರ್ಷ, ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ತಾವಾಗಿಯೇ ಮುಂದೆ ಬಂದು ಕುಳಿತರು. ಅವರಿಬ್ಬರಿಗೂ ಓದಿನ ತೊಡಕಿತ್ತೇ ಎಂದು ಕೇಳಲು ಹೋಗಲಿಲ್ಲ.

ಸಂಶೋಧನೆಯ ದೃಷ್ಟಿಯಿಂದ ಆಗಬೇಕಾದದ್ದು ಬಹಳಷ್ಟಿದೆ. ಮಕ್ಕಳ ಪಠ್ಯಗಳಲ್ಲಿ ಯಾವ ಅಕ್ಷರ, ಯಾವ ಒತ್ತು ಎಷ್ಟು ಬಾರಿ ಬರುತ್ತದೆ ಎಂಬ ಎಣಿಕೆಯನ್ನು ಪ್ರತಿ ತರಗತಿಗೂ ಸಿದ್ಧಪಡಿಸಬೇಕು. ಪ್ರೌಢಶಾಲೆಯ ಉತ್ತರಪತ್ರಿಕೆಗಳ ತಪ್ಪುಗಳನ್ನು ಹೆಸರಿಲ್ಲದೆ ಸಂಗ್ರಹಿಸಿ ವರ್ಗೀಕರಿಸಬೇಕು, ಒಬ್ಬ ಪಿಎಚ್.ಡಿ. ವಿದ್ಯಾರ್ಥಿಗೆ ಇದು ಒಳ್ಳೆಯ ವಿಷಯ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಚಾಮರಾಜಪೇಟೆಯ ಮಗುವಿನ ತಪ್ಪು ಭಾಷೆ ಹೊಸದಾದ್ದರಿಂದ ಆದದ್ದೇ, ತೊಡಕಿನಿಂದ ಆದದ್ದೇ ಎಂದು ಬೇರ್ಪಡಿಸುವ ಮಾನದಂಡ ಇಂಥ ಸಂಗ್ರಹವಿಲ್ಲದೆ ದೊರೆಯುವಂತಿಲ್ಲ. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಅದೇ ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿದೆ. ಪದಗಳ ಚರಿತ್ರೆಯನ್ನು ದಶಕಗಳ ಕಾಲ ಚೀಟಿ ಚೀಟಿಯಾಗಿ ಕಲೆಹಾಕಿ ಬೃಹತ್ ನಿಘಂಟು ಕಟ್ಟಿದ ಪರಂಪರೆಗೆ ಮಕ್ಕಳ ತಪ್ಪುಗಳನ್ನು ಕಲೆಹಾಕುವುದು ಅಸಾಧ್ಯವೇನಲ್ಲ.

ಬಸವನಗುಡಿಯ ಆ ಹುಡುಗನಿಗೆ ಕನ್ನಡದಿಂದ ವಿನಾಯಿತಿ ದೊರೆಯಿತು. ಅರ್ಜಿಗೆ ಸಹಿಯಾದ ಮೇಲೂ ಅಜ್ಜಿಯ ಒತ್ತಾಯಕ್ಕೆ ಪಾಠ ಮುಂದುವರಿಯಿತು. ಪರೀಕ್ಷೆ ಇಲ್ಲವಾದ್ದರಿಂದ ಅವಸರವಿರಲಿಲ್ಲ. ಆರು ವಿಚಿತ್ರ ಒತ್ತುಗಳನ್ನು ವಾರಕ್ಕೊಂದರಂತೆ ತೆಗೆದುಕೊಂಡೆವು. ‘ಭಕ್ತಿ’ಯಂಥ ಪದಗಳಲ್ಲಿ ಸ್ವರಚಿಹ್ನೆಯನ್ನು ಬಣ್ಣದ ಪೆನ್ಸಿಲಿನಿಂದ ಗುರುತಿಸಿ, ‘ಇದನ್ನು ಕೊನೆಗೆ ಹೇಳು’ ಎಂಬ ಒಪ್ಪಂದ ಮಾಡಿಕೊಂಡೆವು. ಎಂಟು ತಿಂಗಳಾಗುವಷ್ಟರಲ್ಲಿ ಗಾಂಧಿಬಜಾರಿನ ಅಂಗಡಿಗಳ ಫಲಕಗಳನ್ನು ನಡೆಯುತ್ತಲೇ ಓದುತ್ತಿದ್ದ, ಪೆನ್ಸಿಲನ್ನೂ ಬಿಟ್ಟಿದ್ದ. ಅರ್ಕಾವೊತ್ತು ಮಾತ್ರ ಒಮ್ಮೊಮ್ಮೆ ತಪ್ಪುತ್ತಿತ್ತು. ಕರ್ಣನ ಹೆಸರನ್ನು ಓದುವಾಗ ತಪ್ಪುತ್ತಿರಲಿಲ್ಲ.